ಮೆಣಸಿನ ಬೀಜಕ್ಕೆ ಬಚ್ಚಲೊಲೆಯ ಬಿಸಿ

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ಸಾಗರದ ಕಡೆ ಬೇಸಿಗೆ ತರಕಾರಿಯ ಓಡಾಟ ಶುರುವಾಗುತ್ತದೆ. ಬೆಂಡೆ, ಸೌತೆಯ ಬೀಜವನ್ನು ನೇರವಾಗಿ ಊರಿದರಾಯಿತು. ಮೆಣಸಿನಕಾಯಿ, ಬದನೆಗೆ ಮಾತ್ರ ಮೊದಲೇ ಸಸಿ ಮಾಡಿಕೊಳ್ಳಬೇಕು, ಅದೂ ಡಿಸೆಂಬರಿನ ಚಳಿಯಲ್ಲಿ. ಎರಡು ವಾರವಾದರೂ ತಲೆ ಎತ್ತದ ಮೆಣಸನ್ನು ನೋಡಿ ಬೀಜ ಮಾರಿದವರನ್ನು ಬೈಯುವವರೇ ಹೆಚ್ಚು. ಎಷ್ಟೋ ಸಲ ಬೀಜ ಚೆನ್ನಾಗಿಯೇ ಇರುತ್ತದೆ, ಮಣ್ಣು ತಣ್ಣಗಿರುತ್ತದೆ.

ಮೆಣಸು ಮೊಳೆಯಲು 27ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. 15ಕ್ಕಿಂತ ಕೆಳಗಿಳಿದರೆ ಅದು ಮಿಸುಕುವುದೇ ಕಷ್ಟ. ಈ ಲೆಕ್ಕ ಮಣ್ಣಿನದು, ಗಾಳಿಯದಲ್ಲ. ನೀರು ಆವಿಯಾಗುವಾಗ ಶಾಖವನ್ನೂ ಎಳೆದುಕೊಂಡು ಹೋಗುವುದರಿಂದ ಒದ್ದೆ ಮಣ್ಣು ಕೋಣೆಯ ಗಾಳಿಗಿಂತ ತಣ್ಣಗೇ ಇರುತ್ತದೆ. ಆದ್ದರಿಂದ ಬಿಸಿಯನ್ನು ತಟ್ಟೆಯ ಅಡಿಯಿಂದಲೇ ಕೊಡಬೇಕು.

ಬೀಜಕ್ಕೆ ಬಿಸಿ ಬೇಕೆಂಬುದು ಹಳ್ಳಿಗೆ ಹೊಸ ವಿಷಯವೇನಲ್ಲ. ನೆನೆಸಿದ ಬೀಜಭತ್ತವನ್ನು ಗೋಣಿಯಲ್ಲಿ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರುತ್ತಾರೆ. ಮೊಳೆಯುವ ಭತ್ತ ಉಸಿರಾಡುತ್ತಾ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಒಂದು ಚಿಟಿಕೆ ಮೆಣಸಿನ ಬೀಜಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೆ ಬಿಸಿಯನ್ನು ಸಾಲ ತರಬೇಕು.

ನಾನು ಸಾಲ ತಂದದ್ದು ಬಚ್ಚಲೊಲೆಯಿಂದ. ನಮ್ಮಲ್ಲಿ ಹಂಡೆಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬೆಂಕಿ ಬೀಳುತ್ತದೆ. ಹಂಡೆಯ ಸುತ್ತಲಿನ ಕಟ್ಟೆ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಸಮನಲ್ಲ: ಒಲೆಯ ಬಾಯಿಯ ಹತ್ತಿರ ಕೈ ಇಡಲಾಗದು, ಗೋಡೆಯ ಮೂಲೆಯಲ್ಲಿ ಹಿತವಾಗಿರುತ್ತದೆ. ಅಕ್ವೇರಿಯಂಗೆ ಬಳಸುವ, ತಂತಿಯ ತುದಿಯಿರುವ ಸಣ್ಣ ಥರ್ಮಾಮೀಟರನ್ನು ತಂದು, ತುದಿಯನ್ನು ಬೀಜದ ಆಳಕ್ಕೆ ಚುಚ್ಚಿ ಜಾಗ ಹುಡುಕಿದೆ. ತಟ್ಟೆಯಡಿ ಹೆಂಚಿನ ಚೂರುಗಳನ್ನಿಟ್ಟು ಎತ್ತರಿಸಿದರೆ ಬಿಸಿ ತಗ್ಗುತ್ತದೆ, ತೆಗೆದರೆ ಏರುತ್ತದೆ. 35 ದಾಟಲು ಬಿಡುವುದಿಲ್ಲ. ನಸುಕಿನಲ್ಲಿ ಕೆಲವು ಡಿಗ್ರಿ ಇಳಿದರೆ ಚಿಂತೆಯಿಲ್ಲ, ರಾತ್ರಿ ತಂಪಾಗುವುದು ಹೊಲದ ಮಣ್ಣಿಗೂ ಇದ್ದದ್ದೇ.

ತಟ್ಟೆಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಎರೆಗೊಬ್ಬರ. ರಾತ್ರಿ ನೆನೆಸಿದ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತೇನೆ. ಅಡಿಯಿಂದ ಬಿಸಿ ಬಂದರೆ ತಳ ಮೊದಲು ಒಣಗುತ್ತದೆ, ಮೇಲ್ಮೈ ಒದ್ದೆಯಾಗಿ ಕಂಡು ಮೋಸ ಮಾಡುತ್ತದೆ. ಹಾಗಾಗಿ ತಟ್ಟೆಯನ್ನು ಎತ್ತಿ ತೂಕ ನೋಡಿಯೇ ನೀರು ಕೊಡುವುದು. ಹೀಗೆ ಮಾಡಿದರೆ ವಾರದ ಸುಮಾರಿಗೆ ಮೊಳಕೆ ಕಾಣುತ್ತದೆ.

ಮೊದಲ ಮೊಳಕೆಗಳು ಬಾಗಿದ ಕತ್ತನ್ನು ಮಣ್ಣಿನಿಂದ ಹೊರಹಾಕಿದ ದಿನವೇ ಹಾಳೆ ತೆಗೆದು, ತಟ್ಟೆಯನ್ನು ಬಚ್ಚಲಿನಿಂದ ಅಂಗಳದ ಬೆಳಕಿಗೆ ತರುತ್ತೇನೆ. ಉಳಿದವೂ ಬರಲಿ ಎಂದು ಕಾಯಬಾರದು. ಬೆಳಕಿಲ್ಲದ ಕಡೆ ಬಿಸಿ ಸಿಕ್ಕರೆ ಸಸಿ ಬಿಳಿಚಿಕೊಂಡು ಉದ್ದುದ್ದ ಏಳುತ್ತದೆ. ಜೊತೆಗೆ ತೇವವೂ ಕೂಡಿದರೆ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬುಡ ಕೊಳೆಸಿ ಸಸಿಗಳನ್ನು ಸಾಲಾಗಿ ಮಲಗಿಸುತ್ತದೆ.

ಬೆಂಗಳೂರಿನಲ್ಲಿರುವ ಮಗಳಿಗೆ ಒಲೆಯಿಲ್ಲ. ಫ್ರಿಜ್ಜಿನ ತಲೆಯ ಮೇಲೆ ಇಡು ಎನ್ನುವುದು ಹಳೆಯ ಸಲಹೆ. ಹೊಸ ಫ್ರಿಜ್ಜುಗಳಲ್ಲಿ ಬಿಸಿ ಹೊರಹೋಗುವುದು ಹೆಚ್ಚಾಗಿ ಪಕ್ಕದಿಂದ. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಬಲ್ಬ್ ಉರಿಸುವುದಾದರೆ ಹಳೆಯ ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ಅಷ್ಟು ಕಾಯುವುದಿಲ್ಲ. ಅವಳು ಬೀಜಕ್ಕೆಂದೇ ಸಿಗುವ ವಿದ್ಯುತ್ ಚಾಪೆ ಕೊಂಡಳು. ತಾಪ ನೋಡಿ ತಾನೇ ಆರುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಬಳಸಬೇಡ ಎಂದಷ್ಟೇ ನಾನು ಹೇಳಿದ್ದು.

ಕೊತ್ತಂಬರಿ, ಪಾಲಕ್, ಮೂಲಂಗಿಗೆ ಇದ್ಯಾವುದೂ ಬೇಡ. ಲೆಟ್ಯೂಸ್ ಅಂತೂ ಬಿಸಿ ಹೆಚ್ಚಾದರೆ ಮೊಳೆಯುವುದನ್ನೇ ನಿಲ್ಲಿಸುತ್ತದೆ. ಬಚ್ಚಲಿನ ಮೂಲೆಯಲ್ಲಿ ಹೇಗೂ ಎರಡೇ ತಟ್ಟೆಗೆ ಜಾಗ. ಅದು ಮೆಣಸಿಗೂ ಬದನೆಗೂ ಸರಿಹೋಗುತ್ತದೆ.