ಕೆಂಚನ ಕಣ್ಣು ತೆರೆಯುವವರೆಗೆ

ನಮ್ಮ ಮನೆಯ ನಾಟಿ ಹುಂಜ ಕೆಂಚನಿಗೆ ಸಿಡುಬು ಬಂದದ್ದು, ಮಳೆ ಹಿಂದಾಗಿ ಹಿತ್ತಿಲಿನ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆಗಳು ವಿಪರೀತವಾಗಿದ್ದ ಕಾರ್ತಿಕದ ದಿನಗಳಲ್ಲಿ. ಮೊದಲು ಜುಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿಯ ಗುಳ್ಳೆಗಳು ಕಾಣಿಸಿಕೊಂಡವು. ಇನ್ನೊಂದು ಹುಂಜದೊಡನೆ ಜಗಳವಾಡಿ ಕುಕ್ಕಿಸಿಕೊಂಡಿರಬೇಕೆಂದು ನಾನು ಸುಮ್ಮನಾದೆ. ನಾಲ್ಕೇ ದಿನಗಳಲ್ಲಿ ಅವು ಕಡಲೆ ಗಾತ್ರಕ್ಕೆ ಬೆಳೆದು ಕಪ್ಪು ಹಕ್ಕಳೆಗಳಾದವು. ಎಡಗಣ್ಣು ಪೂರ್ತಿ ಮುಚ್ಚಿತು, ಬಲಗಣ್ಣಿನ ರೆಪ್ಪೆಯೂ ಊದಿಕೊಂಡಿತು. ಅತ್ತೆಯವರು ನೋಡಿದೊಡನೆ, “ಅದು ಅಮ್ಮ ಕಣಮ್ಮ, ಬೇವಿನ ಸೊಪ್ಪು ಹಾಸಿ ಬೇರೆ ಮಲಗಿಸು” ಎಂದರು. ಬೇರೆ ಇಡಬೇಕೆಂಬುದೇ ಪಶುವೈದ್ಯರ ಮೊದಲ ಮಾತೂ ಆಗಿತ್ತು.

ವೈದ್ಯರು ಕೊಕ್ಕು ಬಿಡಿಸಿ, ಗಂಟಲಿನಲ್ಲಿ ಹಳದಿ ಪೊರೆ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡರು. ಸಿಡುಬು ಬಾಯೊಳಗೆ ಇಳಿದರೆ ಉಸಿರು ಕಟ್ಟಿ ಹಕ್ಕಿ ಉಳಿಯುವುದು ಕಷ್ಟ. ಚರ್ಮದ ಮೇಲಷ್ಟೇ ಇದ್ದರೆ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ಒಣಗಿ ಉದುರುತ್ತದೆ. ಇದು ವೈರಾಣುವಿನಿಂದ ಬರುವ ರೋಗವಾದ್ದರಿಂದ ನೇರವಾದ ಔಷಧವಿಲ್ಲವೆಂದೂ, ಕಣ್ಣಿನಲ್ಲಿ ಕೀವಾಗದಂತೆ ಮುಲಾಮು ಹಚ್ಚಿ ಹೊಟ್ಟೆ ತುಂಬಿಸುವುದೇ ಶುಶ್ರೂಷೆಯೆಂದೂ ತಿಳಿಸಿದರು. ಕಣ್ಣು ಕಾಣದ ಕೋಳಿ ಕಾಳಿನ ರಾಶಿಯ ಮುಂದೆಯೇ ಹಸಿದು ಸಾಯುತ್ತದೆ ಎಂಬುದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಬಟ್ಟೆಯ ಚೀಲದಲ್ಲಿ ಕೂರಿಸಿ ತೂಗಿದಾಗ ಕೆಂಚ 2 ಕೆ.ಜಿ. 300 ಗ್ರಾಂ ಇದ್ದ. ಮೂರನೆಯ ದಿನಕ್ಕೆ 150 ಗ್ರಾಂ ಇಳಿದಿದ್ದ.

ಉಣಿಸುವಲ್ಲಿ ಮೊದಲ ದಿನವೇ ನಾನು ತಪ್ಪು ಮಾಡಿದೆ. ಸೂಜಿ ತೆಗೆದ ಸಿರಿಂಜಿನಿಂದ ರಾಗಿ ಅಂಬಲಿಯನ್ನು ಬಾಯಿಯ ನಡುವಿಗೆ ಒತ್ತಿಬಿಟ್ಟೆ. ಕೆಂಚ ಕತ್ತು ಚಾಚಿ, ತಲೆ ಕೊಡವಿ, ಏದುಸಿರು ಬಿಡತೊಡಗಿದ. ಅವನನ್ನು ಮುಂದಕ್ಕೆ ಬಾಗಿಸಿ ಹಿಡಿದ ಆ ಎರಡು ನಿಮಿಷ ನನ್ನ ಕೈ ನಡುಗುತ್ತಿತ್ತು. ಸುಧಾರಿಸಿಕೊಂಡ ಮೇಲೆ ಟಾರ್ಚ್ ಬೆಳಕಿನಲ್ಲಿ ಬಾಯಿ ನೋಡಿದೆ: ನಾಲಿಗೆಯ ಬುಡದ ಹಿಂದೆಯೇ, ಪ್ರತಿ ಉಸಿರಿಗೂ ತೆರೆದು ಮುಚ್ಚುವ ಒಂದು ಸಣ್ಣ ಸೀಳು. ಶ್ವಾಸನಾಳದ ಬಾಯಿ ಅದೇ. ಅಂದಿನಿಂದ ಹಳೆಯ ಟವೆಲ್ಲಿನಲ್ಲಿ ರೆಕ್ಕೆ ಸಹಿತ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಬಿಟ್ಟು, ಅವನಾಗಿಯೇ ನುಂಗುವವರೆಗೆ ಕಾಯುತ್ತಿದ್ದೆ. ಎರಡು ದಿನಗಳ ನಂತರ ರಾಗಿ ಮುದ್ದೆಗೆ ಬೇಯಿಸಿದ ಮೊಟ್ಟೆಯ ಹಳದಿ ಬೆರೆಸಿ, ಬಟಾಣಿಯಷ್ಟು ಗುಳಿಗೆಗಳನ್ನು ಮಾಡಿ, ನೀರಿನಲ್ಲಿ ಅದ್ದಿ ನಾಲಿಗೆಯ ಮೇಲೆ ಇಡುತ್ತಾ ಬಂದೆ. ಅದು ಅಂಬಲಿಗಿಂತ ಎಷ್ಟೋ ಸುರಕ್ಷಿತ. ಕತ್ತಿನ ಬುಡದಲ್ಲಿ ಕಾಳು ತುಂಬುವ ಚೀಲವನ್ನು ಮುಟ್ಟಿ ನೋಡುವುದನ್ನು ಒಂದು ದಿನವೂ ಬಿಡಲಿಲ್ಲ. ಸಂಜೆ ತುಂಬಿದ್ದು ಬೆಳಿಗ್ಗೆ ಬರಿದಾಗಿದ್ದರೆ ಅನ್ನ ಇಳಿಯುತ್ತಿದೆ ಎಂದರ್ಥ.

ಕಣ್ಣಿಗೆ, ಕುದಿಸಿ ಆರಿಸಿದ ನೀರಿನಲ್ಲಿ ಚಿಟಿಕೆ ಉಪ್ಪು ಕರಗಿಸಿ ಹತ್ತಿಯಿಂದ ಐದು ನಿಮಿಷ ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಒರೆಸಿ ಮುಲಾಮು ಹಚ್ಚುತ್ತಿದ್ದೆ. ಹಕ್ಕಳೆಯನ್ನು ಮಾತ್ರ ಯಾರೂ ಕೀಳಬಾರದು. ನಾನು ಆತುರದಿಂದ ಒಂದನ್ನು ಕಿತ್ತು ರಕ್ತ ಬರಿಸಿದೆ. ಬೆಳಗಾಗುವಷ್ಟರಲ್ಲಿ ಆ ಜಾಗ ಇಮ್ಮಡಿ ಊದಿತ್ತು. ಜುಟ್ಟಿಗೆ ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದೆನಾದರೂ ಅದರಿಂದಲೇ ಸಿಡುಬು ಹೋಯಿತೆಂದು ನಾನು ಹೇಳಲಾರೆ. ನೊಣ ಕೂರಲಿಲ್ಲ, ಹಕ್ಕಳೆ ಬಿರಿಯಲಿಲ್ಲ, ಅಷ್ಟು ಉಪಕಾರವಾಯಿತು.

ಒಣಗಿ ಬಿದ್ದ ಹಕ್ಕಳೆಯಲ್ಲಿ ವೈರಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಅವನ್ನೆಲ್ಲ ಹಾಸಿದ ಸೊಪ್ಪಿನ ಸಮೇತ ಸುಟ್ಟು, ಗುಂಡಿಗಳಿಗೆ ಮಣ್ಣು ತುಂಬಿ, ಮಂಕರಿಯ ಮೇಲೆ ಸೊಳ್ಳೆಪರದೆ ಕಟ್ಟಿದೆವು. ಲಸಿಕೆಯ ಒಂದು ಸೀಸೆ ಬಹಳಷ್ಟು ಕೋಳಿಗಳಿಗೆ ಸಾಲುತ್ತದೆ, ಕಲಸಿದ ಮೇಲೆ ಉಳಿಸಿಡಲು ಬರುವುದಿಲ್ಲ. ಅಕ್ಕಪಕ್ಕದ ಮನೆಯವರನ್ನೂ ಕರೆದು, ರೋಗ ತಗಲದ ಎಲ್ಲ ಕೋಳಿಗಳಿಗೆ ರೆಕ್ಕೆಯ ಪೊರೆಯಲ್ಲಿ ಒಂದೇ ಬೆಳಿಗ್ಗೆ ಚುಚ್ಚಿಸಿದೆವು.

ಹದಿನಾರನೆಯ ದಿನ ಬಲಗಣ್ಣಿನ ಹಕ್ಕಳೆ ಉದುರಿತು. ನಾನು ಮುಂದಿಟ್ಟ ಜೋಳದ ಕಾಳನ್ನು ಕೆಂಚ ತಲೆ ಓರೆ ಮಾಡಿ ನೋಡಿ, ಎರಡು ಸಲ ಗುರಿ ತಪ್ಪಿ, ಮೂರನೆಯ ಸಲ ಹೆಕ್ಕಿದ. ತಿಂಗಳು ತುಂಬುವಾಗ ತೂಕ 2 ಕೆ.ಜಿ. 400 ಗ್ರಾಂ. ಅಷ್ಟರಲ್ಲಿ ಎಳೆಯ ಹುಂಜವೊಂದು ಹೇಂಟೆಗಳ ಯಜಮಾನಿಕೆ ಹಿಡಿದಿದ್ದರಿಂದ, ಅವನನ್ನು ಒಮ್ಮೆಲೇ ಬಿಡದೆ, ಒಂದು ವಾರ ಗೂಡಿನೊಳಗೇ ಮಂಕರಿಯಡಿ ಇಟ್ಟು ಪರಸ್ಪರ ನೋಡಿಕೊಳ್ಳಲು ಬಿಟ್ಟೆ. ಎಂಟನೆಯ ಸಂಜೆ ಮಂಕರಿ ಎತ್ತಿದಾಗ ಎರಡೂ ಕತ್ತಿನ ಗರಿ ಕೆದರಿ ಎದುರುಬದುರು ನಿಂತವು. ಎಳೆಯದು ಹಿಂದೆ ಸರಿಯಿತು. ಎಡರೆಪ್ಪೆಯ ಅಂಚಿನಲ್ಲಿ ಇನ್ನೂ ಕೂದಲುದುರಿದಂತೆ ಬೋಳಾಗಿದ್ದ ಕೆಂಚ, ತನ್ನ ಹಳೆಯ ಗಳುವಿನ ಮೇಲೆ ಹಾರಿ ಕುಳಿತ.