ಕಲ್ಲು ಉಜ್ಜುವ ಮಷೀನಿಗೆ ವೀಲ್ ಆರಿಸುವುದು, ಕೂರಿಸುವುದು

ಯಾವ ಮಷೀನ್ ಕೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಯಾವ ವೀಲ್ ಹಾಕಲಿ ಅಂತ ಕೇಳುವವರು ಕಡಿಮೆ. ಮಷೀನ್ ಅಂದರೆ ಒಂದು ಮೋಟಾರು, ಒಂದು ಶಾಫ್ಟು, ಎರಡು ಬೇರಿಂಗು. ಕಲ್ಲನ್ನು ಮುಟ್ಟುವುದು ವೀಲ್ ಅಲ್ವಾ? ನಾನು ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಬೆಂಗಳೂರಿನಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಅಗೇಟು, ಜ್ಯಾಸ್ಪರು ಉಜ್ಜುತ್ತೇನೆ. ಹಾಗಾಗಿ ವೀಲಿನ ವಿಷಯದಲ್ಲಿ ನನ್ನದು ಸ್ವಲ್ಪ ಹಠ ಜಾಸ್ತಿ.

ಮೊದಲು ನಿಮ್ಮ ಕಲ್ಲು ಯಾವುದು ಹೇಳಿ. ಅಗೇಟು, ಅಮೆಥಿಸ್ಟು, ಜ್ಯಾಸ್ಪರು ಇವೆಲ್ಲ ಸ್ಫಟಿಕದ ಜಾತಿ. ಮೋಸ್ ಅಳತೆಯಲ್ಲಿ ಗಡಸುತನ 7ರ ಹತ್ತಿರ. ಇವಕ್ಕೆ ಸಿಲಿಕಾನ್ ಕಾರ್ಬೈಡ್ ವೀಲ್ ಧಾರಾಳವಾಗಿ ಸಾಕು. ಮೈಸೂರು ಕಡೆಯ ಮಾಣಿಕ್ಯ ಉಜ್ಜುವ ಆಸೆಯಿದ್ದರೆ ಲೆಕ್ಕ ಬೇರೆ. ಅದರ ಗಡಸುತನ 9. ಸಿಲಿಕಾನ್ ಕಾರ್ಬೈಡ್ ಅದಕ್ಕಿಂತ ಒಂದು ಗುಲಗಂಜಿಯಷ್ಟು ಮಾತ್ರ ಗಟ್ಟಿ. ಕೆಲಸ ಆಮೆ ನಡಿಗೆ, ವೀಲ್ ಸವೆಯುವುದೇ ಹೆಚ್ಚು. ಅಲ್ಲಿ ಡೈಮಂಡ್ ವೀಲೇ ಬೇಕು.

ಎಸ್‌ಜೆಪಿ ರೋಡಿನ ಅಂಗಡಿಗೆ ಹೋಗಿ ಸುಮ್ನೆ 'ಗ್ರೈಂಡಿಂಗ್ ವೀಲ್ ಕೊಡಿ' ಅಂದರೆ ಉಳಿ, ಡ್ರಿಲ್ ಬಿಟ್ ಸಾಣೆ ಹಿಡಿಯುವ ಅಲ್ಯುಮಿನಿಯಂ ಆಕ್ಸೈಡ್ ವೀಲ್ ಕೊಟ್ಟು ಕಳಿಸಬಹುದು. ಅದು ಉಕ್ಕಿಗೆ. ಕಲ್ಲಿಗೆ ಹಿಡಿದರೆ ಬೇಗ ಮೊಂಡಾಗಿ, ಉಜ್ಜುವ ಬದಲು ಕಾಯಿಸುತ್ತದೆ. ಕಾದ ಅಗೇಟು ಬಿರುಕು ಬಿಡುತ್ತದೆ. ವೀಲಿನ ಮೇಲಿನ ಚೀಟಿ ಓದಿ. 'ಜಿಸಿ 100 ಕೆ 5 ವಿ' ಅಂತ ಇದೆ ಅನ್ನಿ. ಜಿಸಿ ಅಂದರೆ ಹಸಿರು ಸಿಲಿಕಾನ್ ಕಾರ್ಬೈಡ್, ಬರೀ ಸಿ ಇದ್ದರೆ ಕಪ್ಪು. ಎ ಇಂದ ಶುರುವಾದರೆ ಅದೇ ಉಕ್ಕಿನ ವೀಲ್, ವಾಪಸ್ ಇಡಿ. 100 ಅನ್ನುವುದು ಕಣದ ಗಾತ್ರ, ಅಂಕಿ ಹೆಚ್ಚಿದಷ್ಟೂ ಕಣ ಸಣ್ಣ. 5 ಅನ್ನುವುದು ಕಣಗಳ ನಡುವಿನ ಸಂದಿನ ಗುರುತು. ಕೊನೆಯ ವಿ ಅಂದರೆ ಸುಟ್ಟು ಮಾಡಿದ ಪಿಂಗಾಣಿ ತರಹದ ಅಂಟು.

ನಡುವಿನ 'ಕೆ' ಬಗ್ಗೆ ನಿಂತು ಹೇಳಬೇಕು. ಅಂಟು ಕಣವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನುವುದರ ಗುರುತು ಅದು. ಎ ಇಂದ ಝಡ್ ಕಡೆಗೆ ಹೋದಂತೆ ಬಿಗಿ ಜಾಸ್ತಿ. ಗಟ್ಟಿ ಕಲ್ಲಿಗೆ ಗಟ್ಟಿ ವೀಲ್ ಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಆಗಬೇಕಾದ್ದು ಉಲ್ಟಾ. ಗಟ್ಟಿ ಕಲ್ಲು ಕಣವನ್ನು ಬೇಗ ಮೊಂಡು ಮಾಡುತ್ತದೆ. ಮೊಂಡಾದ ಕಣ ಉದುರಿದರೆ ತಾನೆ ಕೆಳಗಿನ ಚೂಪು ಕಣ ಮೇಲೆ ಬರುವುದು? ಅದಕ್ಕೇ ಮೆತ್ತನೆಯ ವೀಲ್. ಜೆ, ಕೆ ಆಸುಪಾಸಿನದನ್ನು ಕೇಳಿ.

ಶುರುವಿಗೆ 100 ಮತ್ತು 220 ಎರಡು ವೀಲ್ ಸಾಕು. ಆಮೇಲೆ ಉಪ್ಪುಕಾಗದದ ತರಹದ 400, 600ರ ಬೆಲ್ಟು. ಡೈಮಂಡ್ ಸೆಟ್ಟಾದರೆ ಸಾಮಾನ್ಯವಾಗಿ 80, 220 ಗಟ್ಟಿ ವೀಲು, 280, 600, 1200, 3000 ಮೆತ್ತನೆಯ ರೆಸಿನ್ ವೀಲು. ದುಬಾರಿ, ಆದರೆ ಅದರ ಸುತ್ತಳತೆ ಕುಗ್ಗುವುದಿಲ್ಲ, ಉಬ್ಬುತಗ್ಗು ಬೀಳುವುದಿಲ್ಲ. ಸಂಡೂರಿನ ಪಟ್ಟೆ ಜ್ಯಾಸ್ಪರ್‌ನಂಥ ಕಲ್ಲಿಗೆ ನಾನು ಡೈಮಂಡೇ ಹಿಡಿಯುವುದು. ಅದರಲ್ಲಿ ಕಬ್ಬಿಣದ ಅದಿರಿನ ಪಟ್ಟೆ ಒಂದು ಗಡಸು, ಜ್ಯಾಸ್ಪರ್ ಪಟ್ಟೆ ಇನ್ನೊಂದು ಗಡಸು. ಬೆಲ್ಟಿನಲ್ಲಿ ಉಜ್ಜಿದರೆ ಮೆತ್ತನೆಯ ಪಟ್ಟೆ ತಗ್ಗಾಗಿ ಬೆರಳಿಗೆ ತಗಲುತ್ತದೆ.

ಇನ್ನು ಕೂರಿಸುವುದು. ಮೊದಲು ಮೋಟಾರಿನ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಸಿಲಿಕಾನ್ ಕಾರ್ಬೈಡ್ ವೀಲನ್ನು ಮಷೀನಿಗೆ ಏರಿಸುವ ಮುಂಚೆ ಸದ್ದು ನೋಡಲೇಬೇಕು. ತೂತಿಗೆ ಬೆರಳು ಹಾಕಿ ನೇತಾಡಿಸಿ, ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ಅಂಚಿನಿಂದ ಒಂದೆರಡು ಇಂಚು ಒಳಗೆ ಮೆಲ್ಲಗೆ ತಟ್ಟಿ. ತಿರುಗಿಸಿ ನಾಲ್ಕು ಕಡೆ ತಟ್ಟಿ. ಸಂತೆಯಲ್ಲಿ ಮಡಿಕೆ ಬಡಿದು ನೋಡುವ ಹಾಗೆಯೇ: 'ಠಣ್' ಅಂದರೆ ಸರಿ, 'ಡಬ್' ಅಂದರೆ ಒಳಗೆ ಬಿರುಕಿದೆ. ಅಂಥದ್ದನ್ನು ಒಡೆದು ಎಸೆಯಿರಿ, ಇನ್ನೊಬ್ಬರು ಎತ್ತಿಕೊಂಡು ಹೋಗಬಾರದು. ವೀಲ್ ಒಣಗಿರಬೇಕು, ನೀರು ಕುಡಿದ ವೀಲ್ ಸರಿಯಾಗಿ ಸದ್ದು ಮಾಡುವುದಿಲ್ಲ. ಡೈಮಂಡ್ ವೀಲಿಗೆ ಈ ಪರೀಕ್ಷೆ ಇಲ್ಲ.

ಆಮೇಲೆ ವೇಗ. ವೀಲಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ನಿಮ್ಮ ಶಾಫ್ಟಿನದಕ್ಕಿಂತ ಜಾಸ್ತಿ ಇರಬೇಕು. ನಮ್ಮಲ್ಲಿ ಸಿಗುವ 1440 ಆರ್‌ಪಿಎಂ ಮೋಟಾರಿಗೆ 8 ಇಂಚಿನ ವೀಲ್ ನೇರವಾಗಿ ಹಾಕಿದರೆ ಅಂಚು ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ಕಲ್ಲಿಗೆ ಅದು ಹಿತವಾದ ವೇಗ. 2880ರ ಮೋಟಾರು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ನೀರೆಲ್ಲ ಮುಖಕ್ಕೆ ಎರಚುತ್ತದೆ.

ವೀಲ್ ಶಾಫ್ಟಿನ ಮೇಲೆ ಕೈಯಲ್ಲೇ ಜಾರಿ ಕೂರಬೇಕು. ಬಿಗಿಯಾದರೆ ಸುತ್ತಿಗೆ ಮುಟ್ಟಬೇಡಿ. ಸಡಿಲವಾದರೆ ಸರಿಯಾದ ಬುಷ್ ಹಾಕಿ, ಟೇಪ್ ಸುತ್ತಬೇಡಿ. ಎರಡು ಕಡೆಯ ಫ್ಲ್ಯಾಂಜೂ, ಅಂದರೆ ವೀಲನ್ನು ಒತ್ತಿ ಹಿಡಿಯುವ ಬಿಲ್ಲೆಗಳು, ಒಂದೇ ಅಳತೆಯವು, ವೀಲಿನ ಅಡ್ಡಳತೆಯ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಇರಲಿ. ವೀಲಿಗೆ ಅಂಟಿಸಿದ ದಪ್ಪ ಕಾಗದವನ್ನು ಅಂದಕ್ಕೆ ಅಂದುಕೊಂಡು ಕಿತ್ತು ಹಾಕುವವರಿದ್ದಾರೆ. ಫ್ಲ್ಯಾಂಜಿನ ಒತ್ತಡ ಸಮನಾಗಿ ಹಂಚುವುದೇ ಅದು, ಇರಲಿ ಬಿಡಿ. ಎರಡು ತುದಿಯ ಮಷೀನಿನಲ್ಲಿ, ವೀಲ್ ನಿಮ್ಮ ಕಡೆಗೆ ತಿರುಗುವಂತಿದ್ದರೆ, ನಿಮ್ಮ ಎಡಗಡೆಯ ನಟ್ಟಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ. ಓಡುವಾಗ ಸಡಿಲವಾಗದಿರಲಿ ಅಂತ ಹಾಗೆ. ನಟ್ಟನ್ನು ವೀಲ್ ಜಾರದಷ್ಟು ಬಿಗಿ ಮಾಡಿ, ಸಾಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ವೀಲ್ ಅಲ್ಲೇ ಬಿರುಕು ಬಿಡಬಹುದು. ರೆಸಿನ್ ವೀಲಿನ ಮೇಲೆ ಬಾಣದ ಗುರುತಿದ್ದರೆ ಅದೇ ದಿಕ್ಕಿಗೆ ಹಾಕಿ.

ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ, ಕವರ್ ಹಾಕಿ, ಪ್ಲಗ್ ಹಾಕಿ. ಸ್ವಿಚ್ ಒತ್ತಿ ಪಕ್ಕಕ್ಕೆ ನಿಂತು ಒಂದು ನಿಮಿಷ ಬರೀ ಓಡಲು ಬಿಡಿ. ಅದುರಿದರೆ ಡ್ರೆಸ್ಸರ್ (ವೀಲಿನ ಮೈ ಕೆರೆದು ಸಮ ಮಾಡುವ ಸಾಧನ) ಹಿಡಿದು ದುಂಡು ಮಾಡಿ. ಹೊಸ ಡೈಮಂಡ್ ವೀಲಿಗೆ ಡ್ರೆಸ್ಸರ್ ಬೇಡ. ಬೇಡದ ಅಗೇಟು ಚೂರುಗಳನ್ನು ಮೆಲ್ಲಗೆ ಉಜ್ಜಿ ಪಳಗಿಸಿ. ಕೂಡಲೇ ಒಳ್ಳೆ ಕಲ್ಲು ಹಿಡಿದರೆ ಆಳವಾದ ಗೀರು ಬೀಳುತ್ತದೆ.

ನೀರಿಲ್ಲದೆ ಉಜ್ಜಬೇಡಿ. ಗುಜರಾತಿನ ಖಂಬಾತ್‌ನಲ್ಲಿ ಅಗೇಟು ಉಜ್ಜುವವರ ಪುಪ್ಪುಸ ಹಾಳು ಮಾಡಿದ ಸಿಲಿಕೋಸಿಸ್ ರೋಗ ಈ ಒಣ ಧೂಳಿನದೇ. ನೀರಿದ್ದರೂ ಮಾಸ್ಕ್, ಕನ್ನಡಕ ಇರಲಿ. ನೀರು, ಕರೆಂಟು ಜೊತೆಗಿರುವ ಜಾಗವಾದ್ದರಿಂದ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಕೈಗವಸು ಬೇಡ, ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ.

ಕೆಲಸ ಮುಗಿದಾಗ ಮೊದಲು ನೀರು ನಿಲ್ಲಿಸಿ, ವೀಲನ್ನು ಸ್ವಲ್ಪ ಹೊತ್ತು ಹಾಗೇ ಓಡಿಸಿ ನೀರು ಚಿಮ್ಮಿಸಿಬಿಡಿ. ಇಲ್ಲದಿದ್ದರೆ ನೀರು ಕೆಳಭಾಗಕ್ಕೆ ಇಳಿದು ನಾಳೆ ವೀಲ್ ಒಂದು ಕಡೆ ಭಾರವಾಗಿ ಅದುರುತ್ತದೆ. ತಟ್ಟೆಯ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ತಳ ಕೂರಲು ಬಿಟ್ಟು, ಒಣಗಿ ಪುಡಿಯಾಗುವ ಮುಂಚೆ, ಹಸಿಯಾಗಿರುವಾಗಲೇ ಕವರಿಗೆ ತುಂಬಿ ಕಟ್ಟಿ ಹಾಕಿ.