ಕೋಡ್ ಅಳಿಸುವ ಮುನ್ನ: ಕಾರಿನ ಇಸಿಯುನಿಂದ ಡೇಟಾ ಓದುವ ಕ್ರಮ

ಚೆಕ್ ಎಂಜಿನ್ ದೀಪ ಹೊತ್ತಿಕೊಂಡ ಕೂಡಲೇ ಸ್ಕ್ಯಾನರ್ ಹಾಕಿ ದೋಷದ ಕೋಡ್ ಅಳಿಸಿಬಿಡುವ ರೂಢಿ ನಮ್ಮಲ್ಲಿ ಬಹಳವಾಗಿದೆ. ಹಾಗೆ ಮಾಡಿದಾಗ ದೀಪ ಆರುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ದೋಷ ಪತ್ತೆಯಾದ ಕ್ಷಣದಲ್ಲಿ ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಹೊತ್ತಿತ್ತು ಎಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬರೆದಿಟ್ಟುಕೊಂಡ ‘ಫ್ರೀಜ್ ಫ್ರೇಮ್’ ಕೂಡ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಓದಬೇಕು, ಓದಿದ್ದನ್ನು ಉಳಿಸಿಕೊಳ್ಳಬೇಕು. ಅಳಿಸುವ ಮಾತು ಕೊನೆಯದು.

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಗುರುತಿಸಿ ತಿಳಿಸುವ ವ್ಯವಸ್ಥೆ, ಕಡ್ಡಾಯವಾಗಿದೆ. ಅದರ 16 ಪಿನ್ನುಗಳ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್‌ನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿರುತ್ತದೆ. ಇದರಲ್ಲಿ 16ನೆಯ ಪಿನ್‌ಗೆ ಬ್ಯಾಟರಿಯ ಕರೆಂಟ್ ಬರುತ್ತದೆ, 4 ಮತ್ತು 5 ಅರ್ಥಿಂಗ್, 6 ಮತ್ತು 14 ಕಾರಿನೊಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವ ಕ್ಯಾನ್ ಜಾಲದ ತಂತಿಗಳು. ಈ ಸಾಕೆಟ್‌ಗೆ ಸಿಕ್ಕಿಸುವ ಅಡಾಪ್ಟರ್‌ಗಳಲ್ಲಿ ಇಎಲ್ಎಂ 327 ಹೆಸರಿನವು ಎಲ್ಲೆಡೆ ಸಿಗುತ್ತವೆಯಾದರೂ, ಅತಿ ಅಗ್ಗದ ನಕಲುಗಳು ಎಷ್ಟೋ ಆಜ್ಞೆಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಣ ಉಳಿಸಬೇಕಾದ ಜಾಗ ಇದಲ್ಲ.

ಎಂಜಿನ್ನಿನ ಮಾಹಿತಿಯಷ್ಟೇ ಸಾಕೆಂದರೆ ಟಾರ್ಕ್‌ನಂತಹ ಮೊಬೈಲ್ ಆ್ಯಪ್ ಸಾಕಾಗುತ್ತದೆ. ಎಬಿಎಸ್, ಏರ್‌ಬ್ಯಾಗ್, ಬಾಡಿ ಕಂಟ್ರೋಲ್ ಮುಂತಾದ ಮಾಡ್ಯೂಲ್‌ಗಳನ್ನೂ (ಆಯಾ ಭಾಗದ ಕಂಪ್ಯೂಟರ್‌ಗಳನ್ನೂ) ಓದಬೇಕೆಂದರೆ ಆಯಾ ಕಂಪನಿಯ ಕಾರಿಗೆ ಹೊಂದುವ ತಂತ್ರಾಂಶ ಬೇಕು. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಇದೆ, ಅದಕ್ಕೆ ಅದರದೇ ಕೇಬಲ್ ಬೇಕು. ಫೋರ್ಡ್ ಕಾರುಗಳಿಗೆ ಫೋರ್‌ಸ್ಕ್ಯಾನ್ ಇದೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ, ಫಿಗೊ, ಇಕೋಸ್ಪೋರ್ಟ್ ಇಟ್ಟುಕೊಂಡವರಿಗೆ ಈ ತಂತ್ರಾಂಶ ಇನ್ನಷ್ಟು ಅಗತ್ಯವಾಗಿದೆ. ಹಲವು ಫೋರ್ಡ್ ಕಾರುಗಳಲ್ಲಿ ಕೆಲವು ಮಾಡ್ಯೂಲ್‌ಗಳು 3 ಮತ್ತು 11ನೆಯ ಪಿನ್ನುಗಳಲ್ಲಿರುವ ನಿಧಾನಗತಿಯ ಎರಡನೆಯ ಜಾಲದಲ್ಲಿರುವುದರಿಂದ, ಎರಡೂ ಜಾಲಗಳನ್ನು ಓದಬಲ್ಲ ಅಡಾಪ್ಟರನ್ನೇ ಕೊಳ್ಳುವುದು ಒಳ್ಳೆಯದು.

ಎಂಜಿನ್ ಬಂದ್ ಇರುವಾಗ ಅಡಾಪ್ಟರ್ ಸಿಕ್ಕಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ ತಂತ್ರಾಂಶವನ್ನು ಜೋಡಿಸಿ. ಬ್ಯಾಟರಿ ಸೊರಗಿದ್ದರೆ ಇಲ್ಲದ ದೋಷಗಳೂ ಕಾಣಿಸಿಕೊಳ್ಳುವುದರಿಂದ, ವೋಲ್ಟೇಜ್ 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಆಮೇಲೆ ಎಲ್ಲ ಮಾಡ್ಯೂಲ್‌ಗಳ ಕೋಡ್‌ಗಳನ್ನೂ ಫ್ರೀಜ್ ಫ್ರೇಮ್ ಮಾಹಿತಿಯನ್ನೂ ಓದಿ ಕಡತದಲ್ಲಿ ಉಳಿಸಿಕೊಳ್ಳಿ. ಕೋಡ್‌ನ ಮೊದಲ ಅಕ್ಷರ ‘ಪಿ’ ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ‘ಸಿ’ ಆದರೆ ಬ್ರೇಕ್, ಸ್ಟೀರಿಂಗ್‌ನಂತಹ ಚಾಸಿ ಭಾಗಗಳು, ‘ಬಿ’ ಆದರೆ ಬಾಡಿ, ‘ಯು’ ಆದರೆ ಮಾಡ್ಯೂಲ್‌ಗಳ ನಡುವಿನ ಸಂಪರ್ಕ ಎಂದು ತಿಳಿಯಬೇಕು.

ತೆರೆಯ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ಒಮ್ಮೆಯಾದರೂ ನೋಡಿಕೊಳ್ಳಿ. ಅಡಾಪ್ಟರ್‌ಗೆ 0105 ಎಂದು ಕಳಿಸಿದರೆ 41 05 78 ಎಂಬ ಉತ್ತರ ಬಂತೆನ್ನೋಣ. 01 ಎಂದರೆ ‘ಈಗಿನ ಡೇಟಾ ಕೊಡು’, 05 ಎಂದರೆ ಕೂಲೆಂಟ್ ತಾಪಮಾನ. ಉತ್ತರದ 78 ಎಂಬುದು ಹದಿನಾರರ ಮಾನದ ಸಂಖ್ಯೆ, ಅಂದರೆ ನಮ್ಮ ಲೆಕ್ಕದ 120. ಅದರಲ್ಲಿ 40 ಕಳೆದರೆ 80 ಡಿಗ್ರಿ ಸೆಲ್ಸಿಯಸ್. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಈ ಅಂಕಿ ಹೊರಗಿನ ಹವೆಗೆ ಸಮೀಪವಾಗಿಲ್ಲದಿದ್ದರೆ, ಸೆನ್ಸರನ್ನೋ ಅದರ ವೈರಿಂಗನ್ನೋ ಅನುಮಾನಿಸಬೇಕು.

ಕೋಡ್ ದೋಷದ ದಿಕ್ಕನ್ನಷ್ಟೇ ತೋರಿಸುತ್ತದೆ, ಕೆಟ್ಟ ಭಾಗವನ್ನಲ್ಲ. ಪೆಟ್ರೋಲ್ ಕಾರಿನಲ್ಲಿ ಪಿ0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಇಂಧನ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಇದನ್ನು ನೋಡಿ ನೇರವಾಗಿ ಆಕ್ಸಿಜನ್ ಸೆನ್ಸರ್ ಬದಲಿಸಿ ಹಣ ಕಳೆದುಕೊಳ್ಳುವವರೇ ಹೆಚ್ಚು. ಅದರ ಬದಲು ಎಂಜಿನ್ ಬಿಸಿಯಾದ ಮೇಲೆ ಲೈವ್ ಡೇಟಾದಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್‌ಗಳನ್ನು (ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿಗಳನ್ನು) ತೆರೆದು ಎರಡನ್ನೂ ಕೂಡಿಸಿ. ಮೊತ್ತ ಸೊನ್ನೆಯ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಪ್ಲಸ್ 10 ದಾಟಿ ಅಲ್ಲೇ ನಿಂತಿದ್ದರೆ ಇಸಿಯು ಹೆಚ್ಚು ಪೆಟ್ರೋಲ್ ಸುರಿದು ಕೊರತೆ ತುಂಬುತ್ತಿದೆ ಎಂದು ತಿಳಿಯಿರಿ. ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ಲಸ್ 22 ಇದ್ದ ಮೊತ್ತ 2500 ಆರ್‌ಪಿಎಂನಲ್ಲಿ ಪ್ಲಸ್ 4ಕ್ಕೆ ಇಳಿದರೆ, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್‌ನಿಂದ ಗಾಳಿ ನುಸುಳುತ್ತಿರುವ ಸಂಭವ ಹೆಚ್ಚು. ಏಕೆಂದರೆ ನುಸುಳುವ ಗಾಳಿಯ ಪಾಲು ಐಡಲ್‌ನಲ್ಲಿ ದೊಡ್ಡದು, ಎಂಜಿನ್ ಹೆಚ್ಚು ಗಾಳಿ ಎಳೆಯತೊಡಗಿದಾಗ ಚಿಕ್ಕದು. ಇದಕ್ಕೆ ವ್ಯತಿರಿಕ್ತವಾಗಿ, ಭಾರ ಹೆಚ್ಚಿದಂತೆ ಟ್ರಿಮ್ ಏರಿದರೆ ಫ್ಯೂಯೆಲ್ ಪಂಪ್, ಫಿಲ್ಟರ್ ಇಲ್ಲವೇ ಕೊಳೆಯಾದ ಏರ್ ಫ್ಲೋ ಸೆನ್ಸರ್ ಕಡೆ ನೋಡಬೇಕು. ಗಾಳಿಯ ಪ್ರಮಾಣದ ಬದಲು ಅದರ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಕಾರುಗಳಿಗೆ ಈ ಲೆಕ್ಕ ಹೀಗೆಯೇ ಒಪ್ಪುವುದಿಲ್ಲ.

ರಸ್ತೆಯಲ್ಲಿ ಡೇಟಾ ದಾಖಲಿಸಬೇಕಾದರೆ ಲ್ಯಾಪ್‌ಟಾಪ್ ಪಕ್ಕದವರ ಕೈಯಲ್ಲಿರಲಿ. ಏರ್‌ಬ್ಯಾಗ್ ಮಾಡ್ಯೂಲ್‌ನಲ್ಲಿ ಓದುವುದಕ್ಕಷ್ಟೇ ನಿಲ್ಲಿಸಿ. ಮಾಡ್ಯೂಲ್‌ನ ಸೆಟ್ಟಿಂಗ್ ಬದಲಿಸುವ ಕೋಡಿಂಗ್ ವಿಭಾಗದ ಯಾವ ಮೌಲ್ಯವನ್ನೂ ಮುಟ್ಟಬೇಡಿ.

ದುರಸ್ತಿಯ ನಂತರವೇ ಕೋಡ್ ಅಳಿಸಿ. ಆಗ ಇಸಿಯು ತಾನೇ ನಡೆಸುವ ಪರೀಕ್ಷೆಗಳಾದ ರೆಡಿನೆಸ್ ಮಾನಿಟರ್‌ಗಳೂ ಸೊನ್ನೆಯಿಂದ ಶುರುವಾಗುವುದರಿಂದ, ನಗರದಲ್ಲೂ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಿ, ಅವು ಪೂರ್ಣಗೊಂಡ ಮೇಲೆ ಪೆಂಡಿಂಗ್ (ಇನ್ನೂ ಖಚಿತವಾಗದ) ಕೋಡ್‌ಗಳನ್ನೂ ಟ್ರಿಮ್‌ಗಳನ್ನೂ ಮತ್ತೆ ಓದಿ ಹಳೆಯ ಕಡತದೊಂದಿಗೆ ಹೋಲಿಸಿ. ಪ್ರತಿ ಸಲ ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕಿತ್ತಿಡಿ. ಕೀ ತೆಗೆದರೂ 16ನೆಯ ಪಿನ್‌ನಲ್ಲಿ ಕರೆಂಟ್ ಇರುತ್ತದೆ, ಕಾರು ದಿನಗಟ್ಟಲೆ ನಿಂತರೆ ಅಡಾಪ್ಟರ್ ಬ್ಯಾಟರಿಯನ್ನು ಬರಿದುಮಾಡಬಹುದು.